ಸಾಫ್ಟ್ ಡ್ರಾಪ್ ಹಾಕಿದರೂ ಗ್ರಾಫಿನಲ್ಲಿ ಡಬ್ಲ್ಯೂ ಕಣದ ಶಿಖರ ಕಾಣ್ತಿಲ್ಲ, ಯಾರಾದ್ರೂ ನೋಡಿ

ಹಡಪಸರ್_ಹುಡುಗ: ತಲೆ ಕೆಟ್ಟು ಹೋಗಿದೆ. ಪೈಥಿಯಾದಲ್ಲಿ (ಕಣಗಳ ಡಿಕ್ಕಿಯನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ಪ್ರೋಗ್ರಾಂ) ಡಬ್ಲ್ಯೂ-ಝಡ್ ಕಣಗಳ ಜೋಡಿ ಹುಟ್ಟಿಸಿದೆ. ಡಬ್ಲ್ಯೂ ಎರಡು ಕ್ವಾರ್ಕ್ ಆಗುತ್ತದೆ, ಝಡ್ ನ್ಯೂಟ್ರಿನೊ ಆಗುತ್ತದೆ. ಜೆಟ್ ಅಂದರೆ ಕ್ವಾರ್ಕಿನಿಂದ ಚಿಮ್ಮುವ ಕಣಗಳ ಗೊಂಚಲು; ಅದರ ಮಾಸ್ (ದ್ರವ್ಯರಾಶಿ) ಡಬ್ಲ್ಯೂ ಮಾಸಾದ 80 ಜಿಇವಿ ಹತ್ತಿರ ಎದ್ದು ಕಾಣಬೇಕು ಅಲ್ವಾ? ನನ್ನ ಗ್ರಾಫಿನಲ್ಲಿ ಹೆಚ್ಚಿನದೆಲ್ಲ ಸೊನ್ನೆಯ ಕಡೆಗೇ ಗುಂಪಾಗಿದೆ. ಜೆಟ್ಟಿನ ಅಂಚಿನ ದುರ್ಬಲ ಕಣಗಳನ್ನು ಕಿತ್ತುಹಾಕುವ ಸಾಫ್ಟ್ ಡ್ರಾಪ್ ಹಾಕಿದರೆ ಇನ್ನೂ ಕೆಳಗೆ. ಅದರ ಎರಡು ಸೆಟ್ಟಿಂಗ್: ಝೀ ಕಟ್ (ಎಷ್ಟು ದುರ್ಬಲವಾದರೆ ಕೀಳಬೇಕು ಎಂಬ ಮಿತಿ) 0.1, ಬೀಟಾ (ಆ ಮಿತಿ ಕೋನದ ಜೊತೆ ಎಷ್ಟು ಬದಲಾಗಬೇಕು) 0, ಉಳಿದದ್ದೆಲ್ಲ ಮಾಮೂಲಿ.

ಮಾಟುಂಗಾ_ಮೇಷ್ಟ್ರು: ಪೈಲಪ್, ಅಂದರೆ ಒಟ್ಟಿಗೇ ಆಗುವ ಬೇರೆ ಡಿಕ್ಕಿಗಳ ಕಣಗಳು ಬೆರೆತಿವೆ. ಕಣ್ಣು ಮುಚ್ಚಿ ಹೇಳ್ತೀನಿ. ಅದನ್ನು ತೆಗೆಯುವ ಪಪ್ಪಿ ವಿಧಾನ ಹಾಕಿ.

ಹಡಪಸರ್_ಹುಡುಗ: ಪೈಲಪ್ ಸೇರಿಸಿಯೇ ಇಲ್ಲ ಸರ್.

ಮಾಟುಂಗಾ_ಮೇಷ್ಟ್ರು: ಆದರೂ ಒಮ್ಮೆ ಹಾಕಿ ನೋಡಿ. ಎಲ್‌ಎಚ್‌ಸಿ ಯಂತ್ರದ ಎರಡನೇ ಸುತ್ತಿನ (ರನ್ 2) ಡೇಟಾದಲ್ಲಿ ನಾನು ಪಟ್ಟ ಪಾಡು ನನಗೇ ಗೊತ್ತು.

ಕೊಲಾಬಾ_ಕಾಫಿ: ಮೇಷ್ಟ್ರೇ, ಪೈಲಪ್ ಇದ್ದರೆ ಮಾಸ್ ಏರಬೇಕು. ಇವರದು ಇಳಿದಿದೆ. ಅಂದಹಾಗೆ ಬೀಟಾ 0 ಅಂದರೆ ಅದು 2013ರ ಎಂಎಂಡಿಟಿ ಎಂಬ ಹಳೆಯ ವಿಧಾನವೇ. ಸಾಫ್ಟ್ ಡ್ರಾಪ್ ಬಂದದ್ದು 2014ರಲ್ಲಿ.

ಮಾಟುಂಗಾ_ಮೇಷ್ಟ್ರು: ಎಲ್ಲರೂ ಸಾಫ್ಟ್ ಡ್ರಾಪ್ ಅಂತಲೇ ಬರೆಯೋದು. ನಿಮಗೇನು ಕಷ್ಟ?

ಮಡಗಾಂವ್_ಮಂಜು: ಆ ಜಗಳ ಆಮೇಲೆ. ಗುರು, ಕಣಗಳನ್ನು ಜೆಟ್ಟಾಗಿ ಗುಂಪು ಮಾಡಿದ್ದು ಆಂಟಿ-ಕೆಟಿ ವಿಧಾನದಲ್ಲಿ ತಾನೆ? ಆರ್ (ಜೆಟ್ಟಿನ ತ್ರಿಜ್ಯ) ಎಷ್ಟು? ಪಿಟಿ (ಕಿರಣಕ್ಕೆ ಅಡ್ಡ ದಿಕ್ಕಿನ ಆವೇಗ) ಎಷ್ಟರಿಂದ?

ಹಡಪಸರ್_ಹುಡುಗ: ಹೌದು. ಆರ್ 0.4, ಮಾಮೂಲಿ ಅಂದೆನಲ್ಲ. ಪಿಟಿ 250 ಜಿಇವಿಯಿಂದ ಮೇಲೆ.

ಮಡಗಾಂವ್_ಮಂಜು: ಸಿಕ್ತು. ಎರಡು ಕ್ವಾರ್ಕ್‌ಗಳ ನಡುವಿನ ದೂರ ಸುಮಾರು ಮಾಸಿನ ಎರಡರಷ್ಟನ್ನು ಪಿಟಿಯಿಂದ ಭಾಗಿಸಿದಷ್ಟು. 160ನ್ನು 250ರಿಂದ ಭಾಗಿಸಿ, 0.64 ಬರುತ್ತದೆ. ನಿಮ್ಮ 0.4ರ ಜೆಟ್ಟಿನಲ್ಲಿ ಒಂದೇ ಕ್ವಾರ್ಕ್ ಕೂತಿದೆ, ಇನ್ನೊಂದು ಪಕ್ಕದ ಜೆಟ್ಟಿನಲ್ಲಿ. ಒಳಗೆ ಎರಡು ಕವಲೇ ಇಲ್ಲದಾಗ ಸಾಫ್ಟ್ ಡ್ರಾಪ್ ಏನು ಹುಡುಕಬೇಕು? ಅಂಚಿನ ಚೂರುಪಾರು ಕಿತ್ತು ಹಾಕ್ತಾ ಹೋಗುತ್ತದೆ, ಮಾಸ್ ಇಳಿಯುತ್ತದೆ. ಆರ್ 0.8 ಮಾಡಿ. ಎಲ್‌ಎಚ್‌ಸಿಯ ಸಿಎಂಎಸ್ ಪ್ರಯೋಗದವರು ಡಬ್ಲ್ಯೂ ಹುಡುಕಲು ದಪ್ಪ ಜೆಟ್ ಇಟ್ಟುಕೊಳ್ಳೋದು ಸುಮ್ನೆ ಅಲ್ಲ.

ಹಡಪಸರ್_ಹುಡುಗ: ಬಂತು! 80ರ ಹತ್ತಿರ ನೆಟ್ಟಗೆ ನಿಂತಿದೆ. ಆದರೆ ಟೌ-21 (ಜೆಟ್ಟಿನಲ್ಲಿ ಒಂದೇ ಕವಲೋ ಎರಡೋ ಎಂದು ಅಳೆಯುವ ಸಂಖ್ಯೆ) ಹಾಕಿದರೆ ಡಬ್ಲ್ಯೂಗೂ ಕ್ಯೂಸಿಡಿಗೂ (ಒಂದೇ ಕ್ವಾರ್ಕ್ ಅಥವಾ ಗ್ಲೂಆನ್‌ನಿಂದ ಬಂದ ಮಾಮೂಲಿ ಜೆಟ್) ಅಂಥಾ ವ್ಯತ್ಯಾಸ ಕಾಣ್ತಿಲ್ಲ. ಅಲ್ಲೂ ಬೀಟಾ 0 ಕೊಟ್ಟಿದ್ದೇನೆ.

ಕೊಲಾಬಾ_ಕಾಫಿ: ಆ ಬೀಟಾ ಬೇರೆ, ಈ ಬೀಟಾ ಬೇರೆ! ಟೌ-21ರಲ್ಲಿ ಅದು ಕಣ ಕವಲಿನ ಅಕ್ಷದಿಂದ ಎಷ್ಟು ದೂರ ಎಂಬ ಕೋನದ ಘಾತ (ಪವರ್). ಸೊನ್ನೆ ಕೊಟ್ಟರೆ ಕೋನದ ಲೆಕ್ಕವೇ ಹೋಯ್ತು. 1 ಕೊಡಿ. ಆ ಕವಲುಗಳ ಅಕ್ಷಗಳನ್ನು ಹೇಗೆ ಆರಿಸಿದಿರಿ?

ಮಾಟುಂಗಾ_ಮೇಷ್ಟ್ರು: ಇದಕ್ಕೆಲ್ಲ ಲ್ಯಾಪ್‌ಟಾಪ್ ಸಾಲದು. ನಾನು ಮನೆಯಲ್ಲೇ 64 ಜಿಬಿ ರ‍್ಯಾಮ್ ಹಾಕಿಸಿಕೊಂಡಿದ್ದೇನೆ, ರಾತ್ರಿ ಹಚ್ಚಿಟ್ಟು ಮಲಗಿದರೆ ಆಯ್ತು.

ಮಡಗಾಂವ್_ಮಂಜು: ಕರೆಂಟ್ ಬಿಲ್ ಎಷ್ಟು ಬರುತ್ತೆ ಮೇಷ್ಟ್ರೇ?