ಪದಚರ್ಚೆ: ಓವರ್‌ಕ್ಲಾಕ್ ಮಾಡಿದ ಪ್ರೊಸೆಸರ್ ‘ಸ್ಥಿರ’ವಾಗಿದೆ ಎಂದರೆ ಏನರ್ಥ?

ಮಾನ್ಯರೇ,

ಡೆಸ್ಕ್‌ಟಾಪ್ ಕಂಪ್ಯೂಟರಿನ ಪ್ರೊಸೆಸರನ್ನು ತಯಾರಕರು ಗೊತ್ತುಪಡಿಸಿದ ವೇಗಕ್ಕಿಂತ ಹೆಚ್ಚಿನ ವೇಗದಲ್ಲಿ ಓಡಿಸಿದಾಗ, ಅಂದರೆ ಓವರ್‌ಕ್ಲಾಕ್ ಮಾಡಿದಾಗ, ಯಂತ್ರ ಕೈಕೊಟ್ಟರೆ ಕಾರಣವನ್ನು ಹುಡುಕುವುದು ಹೇಗೆಂದು ವಿವರಿಸುವ ಕೈಪಿಡಿಯೊಂದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕಂಪ್ಯೂಟರ್ ಜೋಡಣೆ ಮತ್ತು ರಿಪೇರಿಯನ್ನು ಕಲಿಯುತ್ತಿರುವವರು ಅದರ ಓದುಗರು. ಈ ಬರವಣಿಗೆಯಲ್ಲಿ ನನ್ನನ್ನು ಬಹುವಾಗಿ ತಡೆಯುತ್ತಿರುವುದು ‘ಸ್ಥಿರ’ ಎಂಬ, ನಮಗೆಲ್ಲರಿಗೂ ಗೊತ್ತಿರುವ ಪದ. ಅದರ ಬಳಕೆಯ ಬಗ್ಗೆ ತಮ್ಮೆಲ್ಲರ ಅಭಿಪ್ರಾಯವನ್ನು ಕೇಳುವುದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

‘ಸ್ಥಿರಾಸ್ತಿ’, ‘ಸ್ಥಿರಾಂಕ’ ಎನ್ನುವಾಗ ಆ ಪದಕ್ಕೆ ಕದಲದ, ಬದಲಾಗದ ಎಂಬ ಅರ್ಥವಿದೆ. ‘ಬೆಲೆಗಳು ಸ್ಥಿರವಾಗಿವೆ’ ಎನ್ನುವಾಗ ದೊಡ್ಡ ಏರಿಳಿತವಿಲ್ಲ ಎಂದಷ್ಟೇ ಅರ್ಥ. ‘ರೋಗಿಯ ಸ್ಥಿತಿ ಸ್ಥಿರವಾಗಿದೆ’ ಎಂದು ಪತ್ರಿಕೆಗಳು ಬರೆಯುವಾಗ ಸದ್ಯಕ್ಕೆ ಕುಸಿಯುವ ಭಯವಿಲ್ಲ ಎಂಬ ಮೂರನೆಯ ಅರ್ಥ ಬರುತ್ತದೆ. ದಿನನಿತ್ಯದ ಮಾತಿನಲ್ಲಿ ಸಂದರ್ಭವೇ ಇವನ್ನು ಬೇರ್ಪಡಿಸಿಬಿಡುತ್ತದೆ. ಆದರೆ ಪ್ರೊಸೆಸರ್‌ನ ಸೆಟ್ಟಿಂಗ್‌ಗಳ ವಿಚಾರದಲ್ಲಿ ಮೂರು ಅರ್ಥಗಳೂ ಒಂದೇ ಪುಟದಲ್ಲಿ, ಕೆಲವೊಮ್ಮೆ ಒಂದೇ ವಾಕ್ಯದಲ್ಲಿ ಬೇಕಾಗುತ್ತವೆ. ಬಿಡಿಭಾಗಗಳನ್ನು ಕೈಯಲ್ಲಿ ಮುಟ್ಟುವಾಗ ಎಚ್ಚರ ವಹಿಸಬೇಕಾದ ‘ಸ್ಥಿರ ವಿದ್ಯುತ್’ ಎಂಬ ನಾಲ್ಕನೆಯದೂ ಇದೆ. ಅದು ಶಾಲೆಯ ಪಾಠದಿಂದಲೇ ಬಂದಿರುವುದರಿಂದ ಅದನ್ನು ಇಲ್ಲಿ ಕದಲಿಸಲು ಹೋಗುವುದಿಲ್ಲ.

ಗೊಂದಲ ಎಲ್ಲಿ ಹಾನಿ ಮಾಡುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ‘ಪ್ರೊಸೆಸರ್‌ಗೆ ಸ್ಥಿರ ವೋಲ್ಟೇಜ್ ಕೊಡಿ’ ಎಂದು ಬರೆದರೆ, ಬಯೋಸ್‌ನಲ್ಲಿ (ಯಂತ್ರ ಶುರುವಾಗುವಾಗ ತೆರೆದು ಸೆಟ್ಟಿಂಗ್‌ಗಳನ್ನು ಬದಲಿಸುವ ಮೂಲ ತಂತ್ರಾಂಶದಲ್ಲಿ) ವೋಲ್ಟೇಜನ್ನು ಮ್ಯಾನ್ಯುಯಲ್ ವಿಧಾನಕ್ಕೆ ಬದಲಿಸಿ 1.30 ಎಂದು ಒಂದೇ ಅಂಕಿಯನ್ನು ತುಂಬಬೇಕು ಎಂದು ಓದುಗರು ತಿಳಿಯುತ್ತಾರೆ. ಹಾಗೆ ತುಂಬಿದ ಮಾತ್ರಕ್ಕೆ ಪ್ರೊಸೆಸರ್‌ಗೆ ಸದಾ 1.30 ವೋಲ್ಟ್ ಸಿಗುವುದಿಲ್ಲ. ಕೆಲಸ ಹೆಚ್ಚಿ ಕರೆಂಟ್ ಏರಿದಂತೆ ಲೋಡ್‌ಲೈನ್ ಎಂಬ ಏರ್ಪಾಟಿನ ಪ್ರಕಾರ ವೋಲ್ಟೇಜ್ ಇಳಿಯುತ್ತದೆ. ಲೋಡ್‌ಲೈನ್ 0.5 ಮಿಲಿಓಮ್ ಇದ್ದು ಪ್ರೊಸೆಸರ್ 150 ಆಂಪಿಯರ್ ಎಳೆದುಕೊಂಡರೆ 75 ಮಿಲಿವೋಲ್ಟ್ ಕುಸಿದು, 1.30 ಎಂದು ಬರೆದ ಕಡೆ 1.225 ಮಾತ್ರ ಉಳಿಯುತ್ತದೆ. ಹಗುರವಾದ ಕೆಲಸದಲ್ಲಿ ಚೆನ್ನಾಗಿ ಓಡಿದ ಯಂತ್ರ ವಿಡಿಯೊ ರೆಂಡರ್ ಆರಂಭಿಸಿದ ಕೂಡಲೇ ಬಿದ್ದುಹೋಗುವುದಕ್ಕೆ ಸಾಮಾನ್ಯವಾದ ಕಾರಣಗಳಲ್ಲಿ ಇದೂ ಒಂದು. ಅಂದರೆ ನಮೂದಿಸಿದ ವೋಲ್ಟೇಜ್ ಮೊದಲ ಅರ್ಥದಲ್ಲಿ ಸ್ಥಿರ, ಸಿಗುವ ವೋಲ್ಟೇಜ್ ಎರಡನೆಯ ಅರ್ಥದಲ್ಲಿ ಅಸ್ಥಿರ, ಆದ್ದರಿಂದ ಯಂತ್ರ ಮೂರನೆಯ ಅರ್ಥದಲ್ಲಿ ಅಸ್ಥಿರ. ಹೊಸಬರು ಇದನ್ನು ಓದಿ ಅರ್ಥ ಮಾಡಿಕೊಳ್ಳಲಿ ಎಂದು ನಿರೀಕ್ಷಿಸುವುದು ನ್ಯಾಯವಲ್ಲ.

ಮೊದಲೆರಡು ಅರ್ಥಗಳಿಗೆ ಪರಿಹಾರ ಸುಲಭವೆಂದು ನನಗೆ ತೋರುತ್ತದೆ. ಕೈಯಾರೆ ಒಂದೇ ಅಂಕಿಗೆ ಕಟ್ಟಿಹಾಕಿದ್ದನ್ನು ‘ನಿಗದಿತ ವೋಲ್ಟೇಜ್’ ಎನ್ನಬಹುದು. ಅಳೆದಾಗ ಹೆಚ್ಚು ಕುಣಿಯದಿರುವುದನ್ನು ‘ಏರಿಳಿತವಿಲ್ಲದ ವೋಲ್ಟೇಜ್’ ಎನ್ನಬಹುದು. ಆಫ್‌ಸೆಟ್, ಅಡಾಪ್ಟಿವ್ ಎಂಬ, ವೋಲ್ಟೇಜ್ ಕೊಡುವ ಬೇರೆ ವಿಧಾನಗಳ ಹೆಸರುಗಳು ಬಯೋಸ್‌ನ ಪರದೆಯ ಮೇಲೆ ಇಂಗ್ಲಿಷಿನಲ್ಲೇ ಕಾಣುವುದರಿಂದ ಅವನ್ನು ಹಾಗೆಯೇ ಉಳಿಸಿಕೊಳ್ಳುವುದು ಓದುಗರಿಗೆ ಉಪಕಾರ. ಕಷ್ಟವಿರುವುದು ಮೂರನೆಯ ಅರ್ಥದಲ್ಲಿ.

ಅದಕ್ಕೆ ಆಡುಮಾತು ತಾನಾಗಿಯೇ ಒಂದು ಕ್ರಿಯಾಪದವನ್ನು ಕೊಡುತ್ತದೆ: ‘ಈ ಚಿಪ್ಪು ಐದು ಗಿಗಾಹರ್ಟ್ಸ್‌ಗೆ ನಿಲ್ಲುತ್ತೆ.’ ಕೇಳಲು ಸಹಜವಾಗಿದೆ, ಆದರೆ ಬರಹದಲ್ಲಿ ಅಪಾಯಕಾರಿ. ‘ಹೊಲದಲ್ಲಿ ನೀರು ನಿಂತಿತು’ ಎಂದರೆ ನೀರು ಉಳಿಯಿತು. ‘ಮಳೆ ನಿಂತಿತು’ ಎಂದರೆ ಮಳೆ ಮುಗಿಯಿತು. ಒಂದೇ ಕ್ರಿಯಾಪದ ಉಳಿಯುವುದನ್ನೂ ಮುಗಿಯುವುದನ್ನೂ ಹೇಳುತ್ತದೆ. ‘5.0 ಗಿಗಾಹರ್ಟ್ಸ್‌ನಲ್ಲಿ ನಿಲ್ಲುತ್ತದೆ’ ಎಂಬ ವಾಕ್ಯವನ್ನು ದೋಷ ಹುಡುಕುವ ಕೈಪಿಡಿಯಲ್ಲಿ ಓದಿದವರು ಯಂತ್ರ ಆ ವೇಗದಲ್ಲಿ ಸರಿಯಾಗಿ ಓಡುತ್ತದೆ ಎಂದು ತಿಳಿಯಬೇಕೋ, ಆ ವೇಗಕ್ಕೆ ಬಂದಾಗ ಸ್ತಬ್ಧವಾಗುತ್ತದೆ ಎಂದು ತಿಳಿಯಬೇಕೋ ಹೇಳಲಾಗದು.

ಆದ್ದರಿಂದ ನಾನು ‘ತಾಳು’ ಎಂಬ ಧಾತುವಿನ ಕಡೆಗೆ ಒಲಿದಿದ್ದೇನೆ. ‘ಈ ಪ್ರೊಸೆಸರ್ 1.25 ವೋಲ್ಟ್‌ನಲ್ಲಿ 4.8 ಗಿಗಾಹರ್ಟ್ಸನ್ನು ತಾಳುತ್ತದೆ, 5.0 ಅನ್ನು ತಾಳುವುದಿಲ್ಲ’ ಎಂದರೆ ಅರ್ಥ ಒಂದೇ. ಭಾವನಾಮ ‘ತಾಳಿಕೆ’, ಪರೀಕ್ಷೆ ‘ತಾಳಿಕೆ ಪರೀಕ್ಷೆ’. ಇದಕ್ಕೆ ನನಗೇ ಹೊಳೆದ ಆಕ್ಷೇಪವೊಂದಿದೆ, ಅದನ್ನು ಮುಚ್ಚಿಡಬಾರದು. ತಾಳುವುದು ಎಂದ ಕೂಡಲೇ ಭಾರವನ್ನು ಹೊರುವ ಚಿತ್ರ ಮನಸ್ಸಿಗೆ ಬರುತ್ತದೆ. ಹೊರೆ ಹೆಚ್ಚಾದಾಗ ಮಾತ್ರ ತಾಳಿಕೆ ಸೋಲುತ್ತದೆ ಎಂದು ಓದುಗರು ಊಹಿಸಬಹುದು. ವಾಸ್ತವದಲ್ಲಿ ಹಾಗಿಲ್ಲ. ಎಎಂಡಿಯ ರೈಜನ್ 5000 ಸರಣಿಯಲ್ಲಿ ಬಂದ ಕರ್ವ್ ಆಪ್ಟಿಮೈಜರ್ ಎಂಬ ಸೆಟ್ಟಿಂಗ್‌ನಲ್ಲಿ ವೋಲ್ಟೇಜನ್ನು ತಗ್ಗಿಸುವ ಋಣ ಸಂಖ್ಯೆಯನ್ನು ಅತಿಯಾಗಿ ಕೊಟ್ಟ ಯಂತ್ರಗಳು ಎಲ್ಲ ಕೋರ್‌ಗಳಿಗೂ (ಪ್ರೊಸೆಸರ್‌ನೊಳಗೆ ಬೇರೆ ಬೇರೆಯಾಗಿ ಲೆಕ್ಕ ಮಾಡುವ ಘಟಕಗಳಿಗೆ) ಪೂರ್ತಿ ಕೆಲಸ ಕೊಟ್ಟ ಪರೀಕ್ಷೆಯನ್ನು ಗಂಟೆಗಟ್ಟಲೆ ಗೆದ್ದು, ಅನಂತರ ಯಾರೂ ಮುಟ್ಟದೆ ಸುಮ್ಮನಿರುವಾಗ ಅಥವಾ ಬ್ರೌಸರ್ ತೆರೆಯುವಾಗ ಮರುಚಾಲನೆಗೊಳ್ಳುವುದುಂಟು. ಎಲ್ಲ ಕೋರ್‌ಗಳೂ ದುಡಿಯುವಾಗ ವಿದ್ಯುತ್ ಮಿತಿಯಿಂದಾಗಿ ವೇಗ ತಗ್ಗಿರುತ್ತದೆ. ಹಗುರ ಕೆಲಸದಲ್ಲಿ ಒಂದೇ ಕೋರ್ ತನ್ನ ಅತ್ಯುಚ್ಚ ವೇಗಕ್ಕೆ ಏರುತ್ತದೆ, ಆಗ ಕಡಿತಗೊಂಡ ವೋಲ್ಟೇಜ್ ಅದಕ್ಕೆ ಸಾಲುವುದಿಲ್ಲ.

ಈ ಆಕ್ಷೇಪಕ್ಕೆ ಉತ್ತರ ಸಿಗುವುದು ‘ಕ್ಲಾಕ್’ ಎಂಬುದರ ನಿಜವಾದ ಕೆಲಸವನ್ನು ನೋಡಿದಾಗ. 5 ಗಿಗಾಹರ್ಟ್ಸ್ ಎಂದರೆ ಸೆಕೆಂಡಿಗೆ 500 ಕೋಟಿ ಮಿಡಿತ, ಒಂದು ಮಿಡಿತದಿಂದ ಇನ್ನೊಂದಕ್ಕೆ 200 ಪಿಕೊಸೆಕೆಂಡ್. ಅಷ್ಟರೊಳಗೆ ಸಂಕೇತವು ಟ್ರಾನ್ಸಿಸ್ಟರ್‌ಗಳ ಸಾಲನ್ನು ದಾಟಿ ತನ್ನ ಬೆಲೆಯನ್ನು ಮುಟ್ಟಿರಬೇಕು. ತಡವಾದರೆ 1 ಇರಬೇಕಾದಲ್ಲಿ 0 ದಾಖಲಾಗುತ್ತದೆ. ವೋಲ್ಟೇಜ್ ಏರಿಸಿದರೆ ಟ್ರಾನ್ಸಿಸ್ಟರ್‌ಗಳು ಬೇಗ ಹೊರಳುತ್ತವೆ, ಆದ್ದರಿಂದ ಹೆಚ್ಚಿನ ಮಿಡಿತಕ್ಕೆ ಹೆಚ್ಚಿನ ವೋಲ್ಟೇಜ್ ಬೇಕು. ಹೀಗೆ ನೋಡಿದರೆ ಪ್ರೊಸೆಸರ್ ತಾಳಬೇಕಾದದ್ದು ಹೊರೆಯನ್ನಲ್ಲ, ಮಿಡಿತವನ್ನು. ‘ಮಿಡಿತವನ್ನು ತಾಳು’ ಎಂದು ಕರ್ಮಪದವನ್ನು ಜೊತೆಗೇ ಹೇಳಿದರೆ ತೊಡಕು ಬಹುಮಟ್ಟಿಗೆ ಬಿಡುತ್ತದೆಂದು ನನ್ನ ಎಣಿಕೆ. ಮೂಲ ಮಿಡಿತವನ್ನು ಎಷ್ಟು ಪಟ್ಟು ಮಾಡಬೇಕೆಂದು ಹೇಳುವ ಸಂಖ್ಯೆಗೆ ಒಪ್ಪುವ ‘ಗುಣಕ’ ಈಗಾಗಲೇ ಗಣಿತದಲ್ಲಿ ನೆಲೆಯೂರಿದ ಪದ. ‘100 ಮೆಗಾಹರ್ಟ್ಸ್ ಮೂಲ ಮಿಡಿತ, ಗುಣಕ 50, ಒಟ್ಟು 5000 ಮೆಗಾಹರ್ಟ್ಸ್’ ಎಂದು ಬರೆದರೆ ಯಾರಿಗೂ ತೊಂದರೆಯಾಗದು. ಆದರೆ ‘ಓವರ್‌ಕ್ಲಾಕ್’ ಎಂಬುದನ್ನು ‘ಅತಿಮಿಡಿತ’ ಎಂದು ಬದಲಿಸುವ ಹಟ ನನಗಿಲ್ಲ. 1998ರ ಸೆಲೆರಾನ್ 300ಎ ಪ್ರೊಸೆಸರ್‌ನ ಬಸ್ ವೇಗವನ್ನು, ಅಂದರೆ ಮೂಲ ಮಿಡಿತವನ್ನು, 66ರಿಂದ 100 ಮೆಗಾಹರ್ಟ್ಸ್‌ಗೆ ಏರಿಸಿ 450ರಲ್ಲಿ ಓಡಿಸಿದವರ ಕಾಲದಿಂದಲೂ ಈ ಕೆಲಸಕ್ಕೆ ಆ ಹೆಸರೇ ಬಳಕೆಯಲ್ಲಿದೆ.

ಇನ್ನು ಯಂತ್ರ ತಾಳದೆ ಹೋದಾಗ ಏನಾಯಿತು ಎಂದು ಹೇಳುವ ಪದಗಳು. ಇಲ್ಲಿ ನಮ್ಮ ಆಡುಮಾತು ಬಡವಾಗಿದೆ ಎಂದು ನೋವಿನಿಂದಲೇ ಹೇಳಬೇಕಾಗಿದೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯಲ್ಲಾಗಲಿ ತಾಲ್ಲೂಕು ಕೇಂದ್ರದ ರಿಪೇರಿ ಮಳಿಗೆಯಲ್ಲಾಗಲಿ ‘ಸಿಸ್ಟಮ್ ಹ್ಯಾಂಗ್ ಆಗ್ತಿದೆ’ ಎಂಬ ಒಂದೇ ದೂರಿನೊಳಗೆ ಕನಿಷ್ಠ ಐದು ಬೇರೆ ಬೇರೆ ಘಟನೆಗಳು ಅಡಗಿರುತ್ತವೆ, ಮತ್ತು ಪ್ರತಿಯೊಂದೂ ಬೇರೆ ಕಾರಣದ ಕಡೆಗೆ ಬೆರಳು ತೋರಿಸುತ್ತದೆ. ಪರದೆಯ ಚಿತ್ರ ಹಾಗೇ ಇದ್ದು, ಮೌಸ್ ಕದಲದೆ, ಕೀಲಿಮಣೆಗೆ ಉತ್ತರವಿಲ್ಲದೆ ಹೋದರೆ ಅದನ್ನು ನಾನು ‘ಸ್ತಬ್ಧವಾಯಿತು’ ಎಂದು ಬರೆಯುತ್ತಿದ್ದೇನೆ. ಯಾವ ಸೂಚನೆಯೂ ಇಲ್ಲದೆ ತಾನೇ ಮತ್ತೆ ಶುರುವಾದರೆ ‘ಮರುಚಾಲನೆಗೊಂಡಿತು’. ಪೂರ್ತಿ ಕತ್ತಲಾಗಿ, ಬಟನ್ ಒತ್ತುವವರೆಗೂ ಏಳದಿದ್ದರೆ ‘ಆರಿಹೋಯಿತು’. ಈ ಕೊನೆಯದನ್ನು ಉಳಿದವುಗಳಿಂದ ಬೇರ್ಪಡಿಸುವುದು ಬಹಳ ಮುಖ್ಯ, ಏಕೆಂದರೆ ಆರಿಹೋಗುವ ಯಂತ್ರದಲ್ಲಿ ಪವರ್ ಸಪ್ಲೈನ ರಕ್ಷಣೆ, ಮದರ್‌ಬೋರ್ಡಿನ ವೋಲ್ಟೇಜ್ ನಿಯಂತ್ರಕ, ಕೂಲರ್ ಇವುಗಳನ್ನು ಮೊದಲು ನೋಡಬೇಕು. ಗುಣಕವನ್ನೋ ವೋಲ್ಟೇಜನ್ನೋ ತಿದ್ದುತ್ತ ಕೂತರೆ ಸಮಯ ವ್ಯರ್ಥ. ವಿಂಡೋಸ್‌ನ ದಾಖಲೆಯಲ್ಲಿ ಕಾಣುವ ಕರ್ನಲ್ ಪವರ್ 41 ಎಂಬ ನಮೂದು ಇಲ್ಲಿ ಸಹಾಯಕ್ಕೆ ಬರುವುದಿಲ್ಲ, ಹಿಂದಿನ ಸಲ ಯಂತ್ರ ಕ್ರಮವಾಗಿ ಮುಚ್ಚಲಿಲ್ಲ ಎಂದಷ್ಟೇ ಅದು ಹೇಳುತ್ತದೆ.

ನಾಲ್ಕನೆಯದು ‘ನೀಲಿ ಪರದೆ’, ಅಂದರೆ ವಿಂಡೋಸ್ ದೋಷದ ಸಂದೇಶವನ್ನು ತೋರಿಸಿ ಕೆಲಸ ಬಿಡುವ ಪರದೆ. 2025ರಲ್ಲಿ ಮೈಕ್ರೋಸಾಫ್ಟ್ ವಿಂಡೋಸ್ 11ರಲ್ಲಿ ಆ ಪರದೆಯನ್ನು ಕಪ್ಪಾಗಿಸಿದ ಮೇಲೆ ಬಣ್ಣದ ಹೆಸರು ಉಳಿಯಲಾರದು. ‘ನಿಲುಗಡೆ ಪರದೆ’ ಎನ್ನೋಣವೇ? ಅದರ ಮೇಲಿನ ಸಂದೇಶವನ್ನಂತೂ ಅಕ್ಷರಶಃ ಬರೆದುಕೊಳ್ಳಬೇಕು. ಓವರ್‌ಕ್ಲಾಕ್ ಮಾಡಿದ ಯಂತ್ರದಲ್ಲಿ ‘ಕ್ಲಾಕ್ ವಾಚ್‌ಡಾಗ್ ಟೈಮ್‌ಔಟ್’ ಅಥವಾ ‘ಡಬ್ಲ್ಯುಎಚ್‌ಇಎ ಅನ್‌ಕರೆಕ್ಟಬಲ್ ಎರರ್’ (ಡಬ್ಲ್ಯುಎಚ್‌ಇಎ ಎಂದರೆ ಯಂತ್ರಾಂಶದ ದೋಷಗಳನ್ನು ವರದಿ ಮಾಡುವ ವಿಂಡೋಸ್‌ನ ಏರ್ಪಾಟು) ಎಂದಿದ್ದರೆ ಕೋರ್‌ನ ವೋಲ್ಟೇಜ್ ಸಾಲದಿರುವ ಸಂಶಯ ಮೊದಲು ಬರಬೇಕು. ಪ್ರತಿ ಸಲವೂ ಬೇರೆ ಬೇರೆ ಸಂದೇಶ ಬರುತ್ತಿದ್ದರೆ ರ‍್ಯಾಮ್ ಕಡೆಗೆ ನೋಡುವುದು ಲೇಸು. ಅದನ್ನು ಹೆಚ್ಚಿನ ವೇಗದಲ್ಲಿ ಓಡಿಸುವ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಪ್ರೊಫೈಲನ್ನು ಆನ್ ಮಾಡುವುದೂ ಒಂದು ಬಗೆಯ ಓವರ್‌ಕ್ಲಾಕಿಂಗೇ ಎಂಬುದು ಅನೇಕರ ಗಮನಕ್ಕೆ ಬಂದಿರುವುದಿಲ್ಲ. ಅದನ್ನು ಆಫ್ ಮಾಡಿ, ಮೆಮ್‌ಟೆಸ್ಟ್ ಓಡಿಸಿ, ರ‍್ಯಾಮ್ ನಿರ್ದೋಷಿಯೆಂದು ಗೊತ್ತಾದ ಮೇಲೆಯೇ ಪ್ರೊಸೆಸರನ್ನು ದೂರಬೇಕು.

ಐದನೆಯದು ಎಲ್ಲಕ್ಕಿಂತ ಸೂಕ್ಷ್ಮ, ಅದಕ್ಕೇ ನನಗೆ ಒಳ್ಳೆಯ ಪದ ಹೊಳೆದಿಲ್ಲ. ಯಂತ್ರ ನಿಲ್ಲುವುದಿಲ್ಲ, ಓಡುತ್ತಲೇ ಇರುತ್ತದೆ, ಆದರೆ ಲೆಕ್ಕ ತಪ್ಪುತ್ತದೆ. ಮರ್ಸೆನ್ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕಲು 1996ರಲ್ಲಿ ಆರಂಭವಾದ ಯೋಜನೆಯ ಪ್ರೈಮ್95 ತಂತ್ರಾಂಶ ಓವರ್‌ಕ್ಲಾಕ್ ಮಾಡುವವರ ಕೈಗೆ ಬಂದದ್ದು ಈ ಕಾರಣದಿಂದಲೇ: ಅದು ತನ್ನ ಉತ್ತರವನ್ನು ತಾನೇ ತಾಳೆ ನೋಡಿ, ಹೊಂದದಿದ್ದರೆ ಆ ಪರೀಕ್ಷೆಯನ್ನು ನಿಲ್ಲಿಸುತ್ತದೆ. ಹೀಗೆ ತಾಳೆ ನೋಡದ ಸಾಮಾನ್ಯ ತಂತ್ರಾಂಶಗಳಲ್ಲಿ ತಪ್ಪಿದ ಬಿಟ್ ಕಡತದೊಳಗೆ ಸೇರಿಹೋಗುತ್ತದೆ, ಕಡತ ಕೆಟ್ಟದ್ದು ತಿಂಗಳುಗಳ ಮೇಲೆ ತಿಳಿಯುತ್ತದೆ. ಇದನ್ನು ‘ಮೌನದೋಷ’ ಎಂದು ಕರೆದಿದ್ದೇನೆ, ತೃಪ್ತಿಯಿಲ್ಲ. ಇದರ ಪಕ್ಕದಲ್ಲೇ ಪ್ರೊಸೆಸರ್ ತಾನೇ ಹಿಡಿದು ಸರಿಪಡಿಸಿದ ದೋಷಗಳೂ ಇವೆ. ವಿಂಡೋಸ್‌ನ ದಾಖಲೆಯನ್ನು ತೋರಿಸುವ ಈವೆಂಟ್ ವ್ಯೂವರ್‌ನಲ್ಲಿ ಡಬ್ಲ್ಯುಎಚ್‌ಇಎ ಹೆಸರಿನಡಿ 19ನೆಯ ಸಂಖ್ಯೆಯಿದ್ದರೆ ಸರಿಪಡಿಸಲಾದ ದೋಷ, 18 ಇದ್ದರೆ ಮಾರಕ ದೋಷ. ಅಲ್ಲಿ ಕಾಣುವ ಎಪಿಐಸಿ ಐಡಿ ಎಂಬ ಗುರುತಿನ ಸಂಖ್ಯೆ ಯಾವ ಕೋರ್ ಎಡವಿತೆಂಬ ಸುಳಿವನ್ನೂ ಕೊಡುತ್ತದೆ. 19ರ ನಮೂದುಗಳು ಸಾಲುಗಟ್ಟುತ್ತಿದ್ದರೆ ಯಂತ್ರ ಹೊರನೋಟಕ್ಕೆ ಎಷ್ಟೇ ಚೆನ್ನಾಗಿ ಓಡುತ್ತಿರಲಿ, ಅದನ್ನು ತಾಳಿಕೆಯುಳ್ಳದ್ದು ಎಂದು ನಾನು ಒಪ್ಪಲಾರೆ.

ಬಿಸಿಯ ಬಗ್ಗೆ ಒಂದೇ ಮಾತು. ಇಂಟೆಲ್‌ನ ಅನೇಕ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು 100 ಡಿಗ್ರಿಯ ಹತ್ತಿರ, ರೈಜನ್ 7000ರ ಅನೇಕ ಮಾದರಿಗಳು 95ರ ಹತ್ತಿರ ತಮ್ಮ ವೇಗವನ್ನು ತಾವೇ ತಗ್ಗಿಸಿಕೊಳ್ಳುತ್ತವೆ. ಇದು ತಾಳಿಕೆಯ ಸೋಲಲ್ಲ, ಪ್ರೊಸೆಸರ್‌ನ ಆತ್ಮರಕ್ಷಣೆ. ‘ವೇಗ ತಗ್ಗಿಸಿಕೊಂಡಿತು’ ಎಂಬ ಸರಳ ಮಾತು ಸಾಕು. 1.20 ವೋಲ್ಟನ್ನು 1.30ಕ್ಕೆ ಏರಿಸಿದರೆ ಅದೇ ವೇಗದಲ್ಲೂ ಸ್ವಿಚಿಂಗ್‌ಗೆ ಬೇಕಾಗುವ ವಿದ್ಯುತ್ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಸುಮಾರು ಶೇ. 17ರಷ್ಟು ಹೆಚ್ಚುತ್ತದೆ. ಡಿಸೆಂಬರ್‌ನಲ್ಲಿ 28 ಡಿಗ್ರಿಯ ಕೋಣೆಯಲ್ಲಿ ಗೆದ್ದ ಸೆಟ್ಟಿಂಗ್ ರಾಯಚೂರಿನ ಬೇಸಿಗೆಯ 40 ಡಿಗ್ರಿಯಲ್ಲಿ ಪ್ರೊಸೆಸರನ್ನು ಹೆಚ್ಚುಕಡಿಮೆ ಅಷ್ಟೇ 12 ಡಿಗ್ರಿ ಮೇಲಕ್ಕೆ ತಳ್ಳುತ್ತದೆ, ಆದ್ದರಿಂದ ಯಾವ ಪರೀಕ್ಷೆಯ ಫಲಿತಾಂಶದ ಪಕ್ಕದಲ್ಲೂ ಕೋಣೆಯ ಬಿಸಿಯನ್ನು ಬರೆಯಬೇಕೆಂದು ಕೈಪಿಡಿಯಲ್ಲಿ ಒತ್ತಿ ಹೇಳಿದ್ದೇನೆ.

‘ತಾಳಿಕೆ’ಯನ್ನು ನಾನು ಮೆಚ್ಚಲು ಇನ್ನೊಂದು ಕಾರಣ ಅದರ ಜೋಡಿಪದವಾದ ‘ಬಾಳಿಕೆ’. ಈ ವಿಷಯದಲ್ಲಿ ಎರಡನ್ನೂ ಬೇರೆಯಾಗಿ ಹೇಳಲೇಬೇಕು. ವೋಲ್ಟೇಜ್ ಏರಿಸಿದರೆ ಇವತ್ತಿನ ತಾಳಿಕೆ ಹೆಚ್ಚುತ್ತದೆ, ಪ್ರೊಸೆಸರ್‌ನ ಬಾಳಿಕೆ ಕುಗ್ಗುತ್ತದೆ. ‘ತಾಳಿದವನು ಬಾಳಿಯಾನು’ ಎಂಬ ಗಾದೆ ಸಿಲಿಕಾನಿಗೆ ಹೊಂದುವುದಿಲ್ಲ. ಬಾಳಿಕೆ ಕುಗ್ಗಿದಂತೆ ಅದೇ ವೇಗಕ್ಕೆ ಬೇಕಾಗುವ ಕನಿಷ್ಠ ವೋಲ್ಟೇಜ್ ಮೇಲಕ್ಕೆ ಸರಿಯುತ್ತದೆ, ಹಾಗಾಗಿ ವರ್ಷದ ಹಿಂದೆ ತಾಳಿದ ಸೆಟ್ಟಿಂಗನ್ನು ಈಗ ತಾಳುವುದಿಲ್ಲ. ಇದು ಓವರ್‌ಕ್ಲಾಕ್ ಮಾಡಿದವರಿಗಷ್ಟೇ ಸೀಮಿತವೂ ಅಲ್ಲ. ಇಂಟೆಲ್‌ನ 13 ಮತ್ತು 14ನೆಯ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ ಇದೇ ಬಗೆಯ ಸರಿಯುವಿಕೆ ಕಂಡುಬಂದು, 2024ರ ಆಗಸ್ಟ್‌ನಲ್ಲಿ ಬಂದ ಮೈಕ್ರೋಕೋಡ್ (ಪ್ರೊಸೆಸರ್‌ನೊಳಗಿನ ಸೂಚನೆಗಳ ತಿದ್ದುಪಡಿ) ಪ್ರೊಸೆಸರ್ ಕೇಳುವ ವೋಲ್ಟೇಜನ್ನು 1.55 ವೋಲ್ಟ್‌ಗೆ ಮಿತಿಗೊಳಿಸಿತು, ಖಾತರಿಯ ಅವಧಿಯನ್ನು ಎರಡು ವರ್ಷ ವಿಸ್ತರಿಸಲಾಯಿತು. ಈಗಾಗಲೇ ಕೆಟ್ಟ ಚಿಪ್ಪನ್ನು ಆ ಮೈಕ್ರೋಕೋಡ್ ಸರಿಪಡಿಸಲಾರದು. ಇಂಗ್ಲಿಷಿನವರು ಡಿಗ್ರೇಡೇಶನ್ ಎನ್ನುವ ಇದಕ್ಕೆ ‘ಸವೆತ’ ಎಂದು ಬರೆಯಬೇಕೆಂದಿದ್ದೇನೆ. ಮೇಲ್ಮೈ ಉಜ್ಜಿ ಹೋಗುವ ಸೂಚನೆ ಆ ಪದದಲ್ಲಿದೆ, ಇಲ್ಲಿ ಉಜ್ಜುವಿಕೆ ಏನೂ ಇಲ್ಲ. ಆದರೂ ‘ಕ್ಷಯ’ಕ್ಕೆ ಕಾಯಿಲೆಯ ನೆರಳಿದೆ, ‘ಶಿಥಿಲತೆ’ ಕಟ್ಟಡಗಳ ಪಾಲಾಗಿದೆ.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ ಇಷ್ಟು. ‘ತಾಳು’ ಎಂದರೆ ‘ಸ್ವಲ್ಪ ಕಾಯಿ’ ಎಂಬ ಅರ್ಥವೂ ಇರುವುದರಿಂದ ತಮ್ಮ ಕಡೆಯ ಓದುಗರಿಗೆ ‘ವೇಗವನ್ನು ತಾಳುತ್ತದೆ’ ಎಂಬ ವಾಕ್ಯ ತೊಡಕಾಗಿ ಕೇಳುತ್ತದೆಯೇ? ಮೌನದೋಷಕ್ಕೆ ಲೆಕ್ಕಪತ್ರ ಬರೆಯುವವರ ಅಥವಾ ಅಕ್ಷರ ಜೋಡಿಸುವವರ ಮಾತಿನಲ್ಲಿ ಇದಕ್ಕಿಂತ ಒಳ್ಳೆಯ ಪದವಿದೆಯೇ? ಧಾರವಾಡ, ಕಲಬುರಗಿ, ಮಂಗಳೂರು ಕಡೆಯ ರಿಪೇರಿಗಾರರು ಸ್ತಬ್ಧವಾಗುವುದಕ್ಕೂ ಆರಿಹೋಗುವುದಕ್ಕೂ ಬೇರೆ ಬೇರೆ ಮಾತುಗಳನ್ನು ಬಳಸುವುದನ್ನು ಯಾರಾದರೂ ಕೇಳಿದ್ದರೆ, ಆಡಿದ ವಾಕ್ಯವನ್ನು ಹಾಗೆಯೇ, ತಿದ್ದದೆ ಬರೆದು ತಿಳಿಸಬೇಕಾಗಿ ವಿನಂತಿ.