ಬೈಕುಲ್ಲಾ ಮ್ಯೂಸಿಯಂ ಮತ್ತು ಏಳುವ ಪೇಂಟ್

ಮುಲುಂಡ್‌ವಾಲಾ: ಬುಧವಾರ ಮುಂಬೈನ ಬೈಕುಲ್ಲಾದಲ್ಲಿರೋ ಭಾವು ದಾಜಿ ಲಾಡ್ ಮ್ಯೂಸಿಯಂಗೆ ಹೋಗೋಣ ಅಂತಿದ್ದೀವಿ. ಅಲ್ಲಿನ ಗೋಡೆ ಅಷ್ಟು ಚೆನ್ನಾಗಿ ಉಳಿದಿರೋದು ಹೇಗೆ? ನಮ್ಮ ಹಳೇ ಚಾಳಲ್ಲಿ (ಸಾಲುಮನೆಗಳ ಕಟ್ಟಡ) ಎಷ್ಟು ಸಲ ಬಳಿದರೂ ಪೇಂಟ್ ಹಪ್ಪಳದ ಹಾಗೆ ಏಳುತ್ತೆ.

ಗಾರೆಕೆಲಸ: ಬುಧವಾರ ರಜೆ ಸಾರ್, ಪಕ್ಕದ ಮೃಗಾಲಯ ರಾಣಿಬಾಗ್‌ಗೂ. ಮ್ಯೂಸಿಯಂ 1872ರ ಕಟ್ಟಡ, 2008ರಲ್ಲಿ ದುರಸ್ತಿ ಮುಗಿದು ಮತ್ತೆ ತೆರೆಯಿತು. ನಿಮ್ಮ ಚಾಳಿನ ಗೋಡೆ ಸುಣ್ಣದ ಗಾರೆಯದ್ದಾದರೆ ಅದಕ್ಕೆ ಗಾಳಿಯಾಡಬೇಕು. ಮೇಲೆ ಸಿಮೆಂಟ್, ಪ್ಲಾಸ್ಟಿಕ್ ಪೇಂಟ್ ಮೆತ್ತಿದರೆ ತೇವ ಒಳಗೇ ಸಿಕ್ಕಿಕೊಂಡು, ಉಪ್ಪು ಹರಳುಗಟ್ಟಿ ಪೇಂಟನ್ನು ಹೊರಗೆ ತಳ್ಳುತ್ತೆ. ಮೊದಲು ಸೋರೋ ಪೈಪು, ಛಾವಣಿ ಸರಿಮಾಡಿ. ಇದನ್ನ ಬಿಟ್ಟು ಉಳಿದದ್ದೆಲ್ಲ ದಂಡ. ಆಮೇಲೆ ಸಿಮೆಂಟ್ ಕೆರೆಸಿ, ಗೋಡೆ ಪೂರ್ತಿ ಒಣಗಿದ ಮೇಲೆ ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ತೊಳೆದ ಮರಳು. ಒಂದು ಪದರ 10 ಮಿ.ಮೀ. ದಾಟಬಾರದು.

ಮುಲುಂಡ್‌ವಾಲಾ: ನೀರು ಹೊಡೀಬೇಕಾ?

ಗಾರೆಕೆಲಸ: ಒಂದು ವಾರ ತೆಳುವಾಗಿ ಚಿಮುಕಿಸಿ. ಬಿಸಿಲಿಗೆ ಬೇಗ ಒಣಗಿದರೆ ಬಿರುಕು ಗ್ಯಾರಂಟಿ. ಕೊನೆಗೆ ಸುಣ್ಣವನ್ನೇ ಬಳೀರಿ, ಡಿಸ್ಟೆಂಪರ್ ಬೇಡ.

ಘಾಟ್ಕೋಪರ್ ಕನ್ನಡಿಗ: ಹೋದಾಗ ತೋಟದ ಕಲ್ಲಾನೆ ಬಿಡಬೇಡಿ, ಎಲಿಫೆಂಟಾ ದ್ವೀಪದ್ದೇ ಅದು. 1864ರಲ್ಲಿ ಸಾಗಿಸೋಕೆ ಹೋಗಿ ಒಡೆದದ್ದನ್ನ 1914ರಲ್ಲಿ ಜೋಡಿಸಿದರು. ಬೈಕುಲ್ಲಾ ಸ್ಟೇಷನ್‌ನಲ್ಲಿ ಪೂರ್ವದ ಕಡೆ ಇಳೀರಿ.