ಗ್ಯಾಸ್ ಬರ್ತಾ ಇದೆ, ಆದರೂ ಮಿಗ್ ವೆಲ್ಡ್ ತುಂಬಾ ತೂತು (ಕಾರಿನ ಸಿಲ್ ರಿಪೇರಿ)

ಹಳೆಗಾಡಿ:

ಎಲ್ಲರಿಗೂ ನಮಸ್ಕಾರ. ಮೂರು ದಿನದಿಂದ ಒದ್ದಾಡ್ತಾ ಇದ್ದೇನೆ, ಯಾರಾದರೂ ದಾರಿ ತೋರಿಸಿ. ನನ್ನ ಹಳೆ ಕಾರಿನ ಎಡಗಡೆ ಸಿಲ್, ಅಂದರೆ ಬಾಗಿಲುಗಳ ಕೆಳಗೆ ಉದ್ದಕ್ಕೂ ಇರುವ ಪೆಟ್ಟಿಗೆಯಂಥ ಭಾಗ, ತುಕ್ಕು ಹಿಡಿದು ಬೆರಳಲ್ಲಿ ಒತ್ತಿದರೆ ಒಳಗೆ ಹೋಗುವಷ್ಟು ಹಾಳಾಗಿತ್ತು. ಕೊಳೆತದ್ದನ್ನೆಲ್ಲ ಗ್ರೈಂಡರ್‌ನಲ್ಲಿ ಕತ್ತರಿಸಿ ತೆಗೆದಿದ್ದೇನೆ. 1 ಮಿ.ಮೀ. ತಗಡಿನಲ್ಲಿ ಪ್ಯಾಚ್ ಕೂಡ ಮಾಡಿಟ್ಟಿದ್ದೇನೆ. ಆದರೆ ಕೂರಿಸೋಕೆ ಆಗ್ತಿಲ್ಲ.

ಮೆಷಿನ್ 160 ಆಂಪ್ಸ್ ಇನ್ವರ್ಟರ್ ಮಿಗ್ (ಟ್ರಿಗರ್ ಒತ್ತಿದರೆ ಗನ್ ತುದಿಯಿಂದ ವೈರ್ ತಾನಾಗಿ ಬಂದು ಕರಗುವ ವೆಲ್ಡಿಂಗ್), ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಇಷ್ಟು ದಿನ ಗ್ಯಾಸ್ ಇಲ್ಲದೆ ಫ್ಲಕ್ಸ್ ಕೋರ್ ವೈರ್ (ಒಳಗೆ ಫ್ಲಕ್ಸ್ ಪುಡಿ ತುಂಬಿದ ವೈರ್) ಹಾಕಿ ಸ್ಟ್ಯಾಂಡು, ಗೇಟು ಅಂತ ದಪ್ಪ ಕೆಲಸ ಮಾಡ್ತಾ ಇದ್ದೆ. ತೆಳು ತಗಡಿಗೆ ಅದು ಒಗ್ಗಲಿಲ್ಲ, ಮುಟ್ಟಿದ ಕಡೆಯೆಲ್ಲ ಸುಟ್ಟು ತೂತಾಗ್ತಿತ್ತು. ಅದಕ್ಕೇ ಸಿಒ2 ಸಿಲಿಂಡರ್, ರೆಗ್ಯುಲೇಟರ್, 0.8 ಮಿ.ಮೀ. ಸಾದಾ ವೈರ್ ತಂದೆ. ಈಗ ಹೊಸ ತೊಂದರೆ. ವೆಲ್ಡ್ ಮೇಲೆ ಸೂಜಿಯಲ್ಲಿ ಚುಚ್ಚಿದ ಹಾಗೆ ತೂತುಗಳು. ಗ್ರೈಂಡ್ ಮಾಡಿದರೆ ಒಳಗೆ ಇನ್ನೂ ಜಾಸ್ತಿ, ಜೇನುಗೂಡಿನ ಹಾಗೆ. ಸುತ್ತ ಸಾಸಿವೆ ಕಾಳಿನಷ್ಟು ಗುಂಡುಗಳು ಸಿಡಿದು ಅಂಟಿರುತ್ತವೆ. ವೆಲ್ಡ್ ತಗಡಿನೊಳಗೆ ಇಳಿಯೋದೇ ಇಲ್ಲ, ಮೇಲೆ ಕಂಬಳಿಹುಳ ಕೂತ ಹಾಗೆ ಕೂತಿರುತ್ತದೆ.

ಗ್ಯಾಸ್ ನಿಮಿಷಕ್ಕೆ 10 ಲೀಟರ್‌ಗೆ ಇಟ್ಟಿದ್ದೆ. ಸಾಲ್ತಿಲ್ಲ ಅಂದುಕೊಂಡು 15 ಮಾಡಿದೆ, ಆಮೇಲೆ 20 ಮಾಡಿದೆ. ಏನೂ ಬದಲಾಗಲಿಲ್ಲ. ಟ್ರಿಗರ್ ಒತ್ತಿದರೆ ಸುಯ್ ಅಂತ ಸದ್ದು ಕೇಳುತ್ತದೆ, ಮೀಟರ್ ಮುಳ್ಳೂ ಫುಲ್ ತೋರಿಸ್ತಿದೆ. ಗ್ಯಾಸೇ ಕಲಬೆರಕೆ ಇರಬಹುದಾ?

ತಗಡುಕೆಲಸ:

ಗ್ಯಾಸ್ ಮೇಲೆ ಅನುಮಾನ ಆಮೇಲೆ ಪಡೋಣ, ಅದು ತೀರಾ ಅಪರೂಪ. ನೀವು ಬರೆದದ್ದರಲ್ಲಿ ನನಗೆ ಒಂದಲ್ಲ, ಎರಡು ಕಾಯಿಲೆ ಕಾಣ್ತಾ ಇದೆ. ತೂತು ಬೀಳೋದು ಬೇರೆ. ಸಿಡಿಯೋದು, ಮೇಲೆ ಗುಡ್ಡೆ ಕಟ್ಟೋದು ಬೇರೆ. ಎರಡನ್ನೂ ಒಟ್ಟಿಗೆ ಸರಿ ಮಾಡೋಕೆ ಹೋದರೆ ಯಾವುದರಿಂದ ಏನಾಯ್ತು ಅಂತ ಗೊತ್ತೇ ಆಗಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಕಾರಿನ ಮೇಲೆ ಬೇಡ, 2 ಮಿ.ಮೀ.ನ ಚೊಕ್ಕ ತುಂಡು ಕಬ್ಬಿಣ ತಗೊಂಡು ಅದರ ಮೇಲೆ ಪರೀಕ್ಷೆ ಮಾಡಿ. ಅದರಲ್ಲೂ ತೂತು ಬಂದರೆ ತುಕ್ಕು, ಪೇಂಟ್, ಅಂಡರ್‌ಸೀಲ್ (ಗಾಡಿ ತಳಕ್ಕೆ ಬಳಿಯುವ ಲೇಪ) ಇವುಗಳ ಮೇಲಿನ ಅನುಮಾನ ಒಂದೇ ಏಟಿಗೆ ಹೋಗುತ್ತದೆ.

ಮೊದಲು ಇದನ್ನು ಹೇಳಿ: ಫ್ಲಕ್ಸ್ ಕೋರ್‌ನಿಂದ ಸಾದಾ ವೈರ್‌ಗೆ ಬಂದಾಗ ಪೋಲಾರಿಟಿ ಬದಲಾಯಿಸಿದ್ರಾ? ಗ್ಯಾಸ್ ಇಲ್ಲದ ಫ್ಲಕ್ಸ್ ಕೋರ್ ವೈರ್‌ಗೆ ಸಾಮಾನ್ಯವಾಗಿ ಗನ್ ಮೈನಸ್‌ಗೆ, ಅರ್ತ್ ಪ್ಲಸ್‌ಗೆ ಇರಬೇಕು. ಗ್ಯಾಸ್ ಜೊತೆಗಿನ ಸಾದಾ ವೈರ್‌ಗೆ ಉಲ್ಟಾ, ಗನ್ ಪ್ಲಸ್‌ಗೆ. ವೈರ್ ಸುರುಳಿ ಇರುವ ಕಡೆಯ ಬಾಗಿಲು ತೆಗೆದರೆ ಒಳಗೆ ಎರಡು ಬೋಲ್ಟ್ ಇರುತ್ತವೆ, ಕೆಲವು ಮೆಷಿನ್‌ನಲ್ಲಿ ಮುಂದೆಯೇ ಒಂದು ಸಣ್ಣ ಕೇಬಲ್ ಕಿತ್ತು ಹಾಕುವ ಹಾಗಿರುತ್ತದೆ. ಪ್ಲಗ್ ಕಿತ್ತ ಮೇಲೇ ಕೈ ಹಾಕಿ.

ಹಾಗೇ ವೈರ್ ತಳ್ಳುವ ರೋಲರ್ ಕೂಡ ನೋಡಿ. ಫ್ಲಕ್ಸ್ ಕೋರ್‌ನದ್ದು ಹಲ್ಲು ಹಲ್ಲಾಗಿದ್ದರೆ ಅದು ಸಾದಾ ವೈರ್‌ನ ಮೈ ಕೆರೆದು ಪುಡಿ ಮಾಡುತ್ತದೆ. ಆ ಪುಡಿ ಲೈನರ್, ಅಂದರೆ ಗನ್ ಕೇಬಲ್ ಒಳಗೆ ವೈರ್ ಹೋಗುವ ಕೊಳವೆಯೊಳಗೆ ಹೋಗಿ ತುಂಬಿಕೊಳ್ಳುತ್ತದೆ. ನುಣುಪಾದ ವಿ ಗ್ರೂವ್ ಇರಬೇಕು, ಮೇಲೆ 0.8 ಅಂತ ಬರೆದಿರಬೇಕು.

ಹಳೆಗಾಡಿ:

ಬದಲಾಯಿಸಿರಲಿಲ್ಲ! ಗನ್ ಇನ್ನೂ ಮೈನಸ್‌ನಲ್ಲೇ ಇತ್ತು. ರೋಲರ್ ಸರಿ ಇದೆ, ತಿರುಗಿಸಿ ಹಾಕಿದರೆ ಒಂದು ಕಡೆ 0.6, ಇನ್ನೊಂದು ಕಡೆ 0.8.

ಈಗ ಬದಲಾಯಿಸಿ ತುಂಡು ಪ್ಲೇಟ್ ಮೇಲೆ ಎಳೆದೆ. ಸದ್ದೇ ಬೇರೆ ಆಯ್ತು. ಮೊದಲು ಪಟ್ ಪಟಾರ್ ಅಂತ ಬಿಟ್ಟು ಬಿಟ್ಟು ಬರ್ತಿತ್ತು, ಈಗ ಎಣ್ಣೆಯಲ್ಲಿ ಏನೋ ಕರಿದ ಹಾಗೆ ಒಂದೇ ಸಮ ಚರಚರ ಅನ್ನುತ್ತದೆ. ವೆಲ್ಡ್ ಚಪ್ಪಟೆಯಾಗಿ ಕೂರ್ತಿದೆ, ಸಿಡಿತ ಅರ್ಧಕ್ಕರ್ಧ ಕಡಿಮೆ. ಆದರೆ ತೂತು ಮಾತ್ರ ಹಾಗೇ ಇದೆ. ಚೊಕ್ಕ ಪ್ಲೇಟ್ ಮೇಲೂ ಇದೆ.

ನೀಲಿಕಿಡಿ:

ಹಾಗಾದರೆ ಗ್ಯಾಸ್ ವೆಲ್ಡ್‌ವರೆಗೆ ತಲುಪ್ತಿಲ್ಲ. ಇಲ್ಲ ಅಂದರೆ ತಲುಪಿದ ಗ್ಯಾಸ್ ಅಲ್ಲಿ ನಿಲ್ತಿಲ್ಲ. ಹತ್ತಿರದಲ್ಲಿ ಫ್ಯಾನ್ ಏನಾದರೂ ಓಡ್ತಾ ಇದೆಯಾ? ಬಾಗಿಲು ತೆರೆದಿದೆಯಾ? ಸಣ್ಣ ಗಾಳಿ ಬೀಸಿದರೂ ಸಾಕು, ವೆಲ್ಡನ್ನು ಗಾಳಿಯಿಂದ ಕಾಯುವ ಗ್ಯಾಸ್ ಹೊದಿಕೆ ಹಾರಿಹೋಗುತ್ತದೆ. ಗನ್ ತುದಿಯ ನಾಝಲ್ ಬಿಚ್ಚಿ ಒಳಗೆ ನೋಡಿ, ಸಿಡಿದ ಗುಂಡುಗಳು ಕಟ್ಟಿಕೊಂಡು, ಗ್ಯಾಸ್ ಹರಡುವ ಡಿಫ್ಯೂಸರ್‌ನ ಸಣ್ಣ ತೂತುಗಳು ಮುಚ್ಚಿರಬಹುದು. ನೀವು ಇಷ್ಟು ದಿನ ತಪ್ಪು ಪೋಲಾರಿಟಿಯಲ್ಲಿ ಅಷ್ಟು ಸಿಡಿಸಿದ್ದೀರಿ, ಅದು ಎಲ್ಲೋ ಹೋಗಿ ಕೂತಿರಲೇಬೇಕಲ್ವಾ.

ಒಂದು ಮಾತು ಒತ್ತಿ ಹೇಳ್ತೇನೆ, ಗ್ಯಾಸ್ 20ಕ್ಕೆ ಏರಿಸಬೇಡಿ. ಸಣ್ಣ ನಾಝಲ್‌ನಿಂದ ಜೋರಾಗಿ ನುಗ್ಗಿದ ಗ್ಯಾಸ್ ಸುಳಿ ಸುತ್ತಿ ಪಕ್ಕದ ಗಾಳಿಯನ್ನೂ ತನ್ನ ಜೊತೆ ಎಳ್ಕೊಂಡು ಬರುತ್ತದೆ. ಆ ಗಾಳಿಯೇ ತೂತು ಮಾಡೋದು. ತೆಳು ತಗಡಿಗೆ ಒಳಗಡೆ ಕೆಲಸ ಮಾಡುವಾಗ 8ರಿಂದ 12 ಲೀಟರ್ ಧಾರಾಳ ಸಾಕು. ತೂತು ಬಂದಾಗ ಎಲ್ಲರ ಕೈಯೂ ಮೊದಲು ರೆಗ್ಯುಲೇಟರ್‌ಗೇ ಹೋಗುತ್ತದೆ, ಅದೇ ತಪ್ಪು.

ಹಳೆಗಾಡಿ:

ಫ್ಯಾನ್ ಇಲ್ಲ, ಬಾಗಿಲೂ ಮುಚ್ಚಿದೆ. ನಾಝಲ್ ಒಳಗೆ ನಿಜಕ್ಕೂ ಕಟ್ಟಿಕೊಂಡಿತ್ತು, ಸ್ಕ್ರೂಡ್ರೈವರ್‌ನಲ್ಲಿ ಕೆರೆದು ತೆಗೆದೆ, ವೈರ್ ಹೊರಬರುವ ಟಿಪ್ ಕೂಡ ಹೊಸದು ಹಾಕಿದೆ. ಸ್ವಲ್ಪ ಕಡಿಮೆ ಆಯ್ತು, ಪೂರ್ತಿ ಹೋಗಿಲ್ಲ. ಸಿಲಿಂಡರ್ ಖಾಲಿಯಾಗಿರಬಹುದಾ ಅಂದರೆ ಮೀಟರ್ ಫುಲ್ ಇದೆ.

ತಗಡುಕೆಲಸ:

ಸಿಒ2 ಮೀಟರ್ ಫುಲ್ ತೋರಿಸ್ತಿದೆ ಅಂದ ಮಾತ್ರಕ್ಕೆ ಸಿಲಿಂಡರ್ ಫುಲ್ ಇದೆ ಅಂತ ಅಲ್ಲ. ಅದರೊಳಗೆ ಇರೋದು ದ್ರವ. ಒಂದು ಹನಿ ದ್ರವ ಇರುವವರೆಗೂ ಒತ್ತಡ ಒಂದೇ ಇರುತ್ತದೆ, 20 ಡಿಗ್ರಿ ಬಿಸಿಯಲ್ಲಿ ಸುಮಾರು 57 ಬಾರ್. ದ್ರವ ಮುಗಿದ ಮೇಲೆ ಮುಳ್ಳು ಸರಸರ ಇಳಿಯುತ್ತದೆ. ಎಷ್ಟು ಉಳಿದಿದೆ ಅಂತ ತಿಳಿಯೋಕೆ ತೂಕ ಹಾಕಬೇಕು, ಖಾಲಿ ತೂಕವನ್ನು ಸಿಲಿಂಡರ್ ಕುತ್ತಿಗೆಯ ಹತ್ತಿರ ಕೊರೆದಿರುತ್ತಾರೆ. ಆರ್ಗಾನ್ ಮಿಕ್ಸ್ (ಆರ್ಗಾನ್ ಜೊತೆ ಸ್ವಲ್ಪ ಸಿಒ2 ಬೆರೆಸಿದ ಗ್ಯಾಸ್) ಹಾಗಲ್ಲ, ಅದರಲ್ಲಿ ದ್ರವ ಇಲ್ಲ, ಖರ್ಚಾದ ಹಾಗೆ ಮುಳ್ಳು ಇಳೀತಾ ಬರುತ್ತದೆ. ಇನ್ನೊಂದು, ಸಿಒ2 ಸಿಲಿಂಡರನ್ನು ಯಾವತ್ತೂ ಮಲಗಿಸಿ ಕೆಲಸ ಮಾಡಬೇಡಿ, ದ್ರವ ರೆಗ್ಯುಲೇಟರ್‌ಗೆ ನುಗ್ಗುತ್ತದೆ. ನಿಲ್ಲಿಸಿ ಚೈನ್ ಕಟ್ಟಿ.

ಆದರೆ ನಿಮ್ಮದು ಖಾಲಿ ಆಗಿರೋದಲ್ಲ, ಸೋರಿಕೆ ಅಂತ ನನ್ನ ಅಂದಾಜು. ರೆಗ್ಯುಲೇಟರ್‌ನ ಮೀಟರ್ ತೋರಿಸೋದು ರೆಗ್ಯುಲೇಟರ್‌ನಿಂದ ಎಷ್ಟು ಹೊರಟಿತು ಅಂತ. ನಾಝಲ್‌ಗೆ ಎಷ್ಟು ಬಂತು ಅಂತ ಅಲ್ಲ. ಅಲ್ಲೇ ಅಳೆಯಬೇಕು. ನಾಝಲ್ ಮೇಲೆ ಇಡುವ ಗಾಜಿನ ಕೊಳವೆಯಂಥ ಫ್ಲೋ ಟೆಸ್ಟರ್ ಸಿಗುತ್ತದೆ, ಒಳಗೆ ಒಂದು ಗುಂಡು ಮೇಲೆ ಕೆಳಗೆ ಆಡುತ್ತದೆ. ಅದಿಲ್ಲ ಅಂದರೆ 5 ಲೀಟರ್ ಹಿಡಿಯುವ ಪ್ಲಾಸ್ಟಿಕ್ ಚೀಲ ಸಾಕು. ಎಷ್ಟು ಹಿಡಿಯುತ್ತೆ ಅಂತ ಮೊದಲು ನೀರು ತುಂಬಿಸಿ ನೋಡಿಕೊಳ್ಳಿ, ಆಮೇಲೆ ಒಳಗೆ ಒರೆಸಿ ಒಣಗಿಸಿ. ಗಾಳಿ ಎಲ್ಲ ಹಿಂಡಿ ತೆಗೆದು ನಾಝಲ್‌ಗೆ ಬಿಗಿಯಾಗಿ ಹಿಡಿದು ಟ್ರಿಗರ್ ಒತ್ತಿ. 10 ಲೀಟರ್ ಅಂದರೆ ನಿಮಿಷಕ್ಕೆ 10, ಹಾಗಾಗಿ 30 ಸೆಕೆಂಡಿಗೆ ತುಂಬಬೇಕು. ಇದಕ್ಕೆ ಮೊದಲು ವೈರ್ ಒತ್ತುವ ರೋಲರ್ ಸಡಿಲ ಮಾಡಿ, ವೈರ್ ತುದಿ ಟಿಪ್‌ನಿಂದ ಹೊರಗೆ ಬರದ ಹಾಗೆ ಕತ್ತರಿಸಿ, ಅರ್ತ್ ಕ್ಲಾಂಪ್ ದೂರ ಇಡಿ. ಟ್ರಿಗರ್ ಒತ್ತಿದಾಗ ವೈರ್‌ನಲ್ಲಿ ಕರೆಂಟ್ ಇರುತ್ತದೆ, ಮರೀಬೇಡಿ.

ಹಳೆಗಾಡಿ:

ಈಗಷ್ಟೇ ಮಾಡಿ ಬಂದೆ. ರೆಗ್ಯುಲೇಟರ್ 10ರಲ್ಲಿ ಇಟ್ಟು ಚೀಲ ತುಂಬೋಕೆ 1 ನಿಮಿಷ 40 ಸೆಕೆಂಡ್! ಎರಡು ಸಲ ನೋಡಿದೆ. ಅಂದರೆ ನಿಮಿಷಕ್ಕೆ ಬರೀ 3 ಲೀಟರ್. ಉಳಿದ 7 ಎಲ್ಲಿಗೆ ಹೋಗ್ತಿದೆ? ರೆಗ್ಯುಲೇಟರ್ ಹತ್ತಿರ, ಪೈಪ್ ಕ್ಲಿಪ್ ಹತ್ತಿರ ಎಲ್ಲ ಕಡೆ ಸೋಪಿನ ನೀರು ಹಚ್ಚಿದೆ, ಒಂದು ಗುಳ್ಳೆಯೂ ಬರಲಿಲ್ಲ.

ತಗಡುಕೆಲಸ:

ಭೇಷ್, ಈಗ ಕಳ್ಳ ಸಿಕ್ಕಿದ ಹಾಗೇ. ಮೆಷಿನ್ ಒಳಗೆ ಗ್ಯಾಸ್ ಸೊಲೆನಾಯ್ಡ್ ವಾಲ್ವ್ ಇದೆ, ಟ್ರಿಗರ್ ಒತ್ತಿದಾಗ ಟಕ್ ಅನ್ನೋದು ಅದೇ. ಸೋರಿಕೆ ಅದರ ಹಿಂದೆಯೋ ಮುಂದೆಯೋ ಅಂತ ತಿಳಿಯೋಕೆ ಸಿಲಿಂಡರ್ ವಾಲ್ವ್ ತೆರೆದು ಮತ್ತೆ ಮುಚ್ಚಿ, ಟ್ರಿಗರ್ ಮುಟ್ಟಬೇಡಿ, 15 ನಿಮಿಷ ಬಿಟ್ಟು ಬಂದು ಮುಳ್ಳು ನೋಡಿ. ಇಳಿದಿದ್ದರೆ ರೆಗ್ಯುಲೇಟರ್‌ನಿಂದ ಸೊಲೆನಾಯ್ಡ್‌ವರೆಗೆ ಎಲ್ಲೋ ಸೋರ್ತಿದೆ. ಇದ್ದಲ್ಲೇ ಇದ್ದರೆ ಸೊಲೆನಾಯ್ಡ್ ಆಚೆ, ಅಂದರೆ ಮೆಷಿನ್ ಒಳಗಿನ ಸಣ್ಣ ಪೈಪ್, ಗನ್ ಕೂರುವ ಜಾಗ, ಇಲ್ಲ ಗನ್ನೇ. ಅಲ್ಲಿ ಟ್ರಿಗರ್ ಒತ್ತಿದಾಗ ಮಾತ್ರ ಗ್ಯಾಸ್ ಬರೋದು. ಅದಕ್ಕೇ ಸೋಪಿನ ನೀರಿಗೆ ಸಿಕ್ಕಿಲ್ಲ.

ಗ್ರೈಂಡರ್ಕೈ:

ನನ್ನ ಅನುಭವದಲ್ಲಿ ಇಂಥದ್ದು ಹತ್ತರಲ್ಲಿ ಎಂಟು ಸಲ ಗನ್ ಕನೆಕ್ಟರ್‌ನ ಓ-ರಿಂಗ್. ಪ್ಲಗ್ ಕಿತ್ತು, ದೊಡ್ಡ ನಟ್ ತಿರುಗಿಸಿ ಗನ್ ಈಚೆ ಎಳೆದು ನೋಡಿ. ಗ್ಯಾಸ್ ಹೋಗುವ ಹಿತ್ತಾಳೆ ಮೂತಿಯ ಮೇಲೆ ಕಪ್ಪು ರಬ್ಬರ್ ಬಳೆ ಇರಬೇಕು.

ಅದಲ್ಲದೆ, ನೀವು ಸಿಒ2 ಬಿಟ್ಟು ಆರ್ಗಾನ್ ಮಿಕ್ಸ್ ತಗೊಳ್ಳಿ ಅಂತಲೂ ಹೇಳ್ತೇನೆ. ಕಾರಿನ ತಗಡಿಗೆ ಬರೀ ಸಿಒ2 ತುಂಬಾ ಒರಟು.

ಹಳೆಗಾಡಿ:

ಸಿಕ್ಕಿತು! 15 ನಿಮಿಷ ಬಿಟ್ಟೆ, ಮುಳ್ಳು ಅಲ್ಲಾಡಲಿಲ್ಲ. ಹಾಗಾಗಿ ಗನ್ ಎಳೆದು ನೋಡಿದೆ. ಓ-ರಿಂಗ್ ಇದೆ, ಆದರೆ ಒಂದು ಕಡೆ ಬ್ಲೇಡಿನಲ್ಲಿ ಸೀಳಿದ ಹಾಗೆ ಹರಿದು ಹೊರಗೆ ಚಾಚಿಕೊಂಡಿದೆ. ಉಗುರಿಂದ ಮುಟ್ಟಿದರೆ ಒಣಗಿದ ರಬ್ಬರ್ ಪುಡಿ ಉದುರ್ತಿದೆ. ಹಿಂದಿನವರು ಯಾವಾಗಲೋ ಗನ್ ಓರೆಯಾಗಿ ತುರುಕಿರಬೇಕು. ಗ್ಯಾಸ್ ಇಲ್ಲದೆ ಕೆಲಸ ಮಾಡ್ತಾ ಇದ್ದದ್ದರಿಂದ ನನಗೆ ಗೊತ್ತೇ ಆಗಿರಲಿಲ್ಲ.

ಅದೇ ಅಳತೆಯ ಹೊಸದು ಹಾಕಿ, ಚೂರು ಸಿಲಿಕೋನ್ ಗ್ರೀಸ್ ಸವರಿ ನೇರವಾಗಿ ಕೂರಿಸಿದೆ. ಚೀಲ ಈಗ 32 ಸೆಕೆಂಡಿಗೆ ತುಂಬುತ್ತಿದೆ. ತುಂಡು ಪ್ಲೇಟ್ ಮೇಲೆ ಒಂದು ಗೆರೆ ಎಳೆದು ಗ್ರೈಂಡ್ ಮಾಡಿ ನೋಡಿದೆ, ಒಂದೂ ತೂತಿಲ್ಲ. ಎಷ್ಟು ಖುಷಿ ಆಯ್ತು ಅಂದರೆ ಅದೇ ಗೆರೆಯ ಪಕ್ಕ ಇನ್ನೂ ನಾಲ್ಕು ಎಳೆದೆ. ನಿಮಗೆಲ್ಲ ತುಂಬಾ ತುಂಬಾ ಥ್ಯಾಂಕ್ಸ್.

ಈಗ ಸಿಲ್‌ಗೆ ಸಿಒ2 ಸಾಕಾ, ಮಿಕ್ಸ್ ತರಬೇಕಾ?

ತಗಡುಕೆಲಸ:

ಗ್ರೈಂಡರ್ಕೈ ಹೇಳಿದ್ದು ನಿಜ, ಆದರೆ ಅವಸರ ಇಲ್ಲ. ಸಿಒ2 ಆಳಕ್ಕೆ ಕಚ್ಚುತ್ತದೆ, ಸಿಡಿಯೋದು ಜಾಸ್ತಿ. ಆರ್ಗಾನ್ ಜೊತೆ ಶೇಕಡ 5ರಿಂದ 20ರವರೆಗೆ ಸಿಒ2 ಇರುವ ಮಿಕ್ಸ್ ಮೆತ್ತಗೆ ಉರಿಯುತ್ತದೆ, ತೆಳು ತಗಡಿಗೆ ಸುಲಭ. ಆದರೆ ಸಿಒ2ನಲ್ಲೂ ಸಿಲ್ ಚೆನ್ನಾಗಿ ಆಗುತ್ತದೆ, ನಾನೇ ವರ್ಷಗಟ್ಟಲೆ ಮಾಡಿದ್ದೇನೆ. ನನ್ನ ಕೇಳಿದರೆ ಮೊದಲು 0.6 ವೈರ್ ತನ್ನಿ, ಅದರ ಗುಣ ಗ್ಯಾಸ್ ಬದಲಾಯಿಸಿದ್ದಕ್ಕಿಂತ ಜಾಸ್ತಿ ಕಾಣುತ್ತದೆ. ಟಿಪ್ ಕೂಡ 0.6ದೇ ಬೇಕು. ಮಿಕ್ಸ್ ತಂದರೆ ಅದಕ್ಕೆ ಸರಿಯಾದ ರೆಗ್ಯುಲೇಟರನ್ನೇ ತನ್ನಿ, ಅದರ ಒತ್ತಡ ಸಿಒ2ಗಿಂತ ತುಂಬಾ ಜಾಸ್ತಿ. ಬರೀ ಆರ್ಗಾನ್ ಮಾತ್ರ ಬೇಡ, ಕಬ್ಬಿಣದ ಮೇಲೆ ಆರ್ಕ್ ಒಂದು ಕಡೆ ನಿಲ್ಲಲ್ಲ.

ಪ್ಯಾಚ್ ಸುತ್ತ ಉದ್ದಕ್ಕೆ ಒಂದೇ ಸಲ ಎಳೀಬೇಡಿ, ತಗಡು ಡೊಂಕಾಗುತ್ತದೆ. ನಾಲ್ಕು ಮೂಲೆಗೆ ಒಂದೊಂದು ಚುಕ್ಕೆ ಹಾಕಿ. ಆಮೇಲೆ ಎದುರು ಬದುರು ಒಂದೊಂದು ಚುಕ್ಕೆ, ಮುಟ್ಟಿದರೆ ತಡ್ಕೊಳ್ಳುವಷ್ಟು ಆರಲು ಬಿಟ್ಟು ಮತ್ತೆ. ಸಂದಿ ಜಾಸ್ತಿ ಇರುವ ಕಡೆ ಹಿಂದೆ ತಾಮ್ರದ ಪಟ್ಟಿ ಒತ್ತಿ ಹಿಡೀರಿ, ವೆಲ್ಡ್ ಅದಕ್ಕೆ ಅಂಟಲ್ಲ, ಬಿಸಿಯನ್ನು ಅದು ಎಳ್ಕೊಳ್ಳುತ್ತದೆ. ಅರ್ತ್ ಕ್ಲಾಂಪ್ ವೆಲ್ಡ್ ಮಾಡುವ ಜಾಗಕ್ಕೆ ಆದಷ್ಟು ಹತ್ತಿರ, ಹೊಳೆಯುವಷ್ಟು ಉಜ್ಜಿದ ಕಬ್ಬಿಣಕ್ಕೆ ಹಾಕಿ.

ನೀಲಿಕಿಡಿ:

ಕಾರಿಗೆ ಕೈ ಹಾಕೋ ಮೊದಲು ಇದನ್ನು ಓದಿ, ದಯವಿಟ್ಟು. ಬ್ಯಾಟರಿ ಬಿಚ್ಚಿ. ಸಿಲ್ ಒಳಗೆ ಅಥವಾ ಪಕ್ಕದಲ್ಲೇ ಪೆಟ್ರೋಲ್ ಪೈಪ್, ಬ್ರೇಕ್ ಪೈಪ್, ವೈರಿಂಗ್ ಹೋಗುತ್ತದೆ, ಎಲ್ಲಿದೆ ಅಂತ ಕಣ್ಣಾರೆ ನೋಡಿ. ಒಳಗಿನ ಕಾರ್ಪೆಟ್, ಫೋಮ್ ಎಲ್ಲ ಎತ್ತಿ. ನೀವು ಹೆಲ್ಮೆಟ್ ಹಾಕಿಕೊಂಡು ಹೊರಗೆ ಕೂತಿರುವಾಗ ಒಳಗೆ ಬೆಂಕಿ ಹತ್ತಿದ್ದು ಕಾಣೋದೇ ಇಲ್ಲ. ಒಬ್ಬರು ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ನಿಂತಿರಲಿ. ಕೆಲಸ ಮುಗಿದ ಮೇಲೂ ಒಂದು ಗಂಟೆ ಗಾಡಿ ಬಿಟ್ಟು ಹೋಗಬೇಡಿ.

ತಗಡು ಒರೆಸೋಕೆ ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಹಾಕಬೇಡಿ. ಅದು ವೆಲ್ಡಿಂಗ್ ಬಿಸಿಗೆ ಫಾಸ್ಜೀನ್ ಅನ್ನೋ ವಿಷಗಾಳಿ ಆಗುತ್ತದೆ, ಪ್ರಾಣಕ್ಕೇ ಅಪಾಯ. ಬಿಳಿ ಹೊಗೆ ಎದ್ದರೆ ಸತು ಲೇಪನ ಇದೆ ಅಂತ ಅರ್ಥ, ನಿಲ್ಲಿಸಿ, ಉಜ್ಜಿ ತೆಗೆದು ಮುಂದುವರಿಸಿ. ಆ ಹೊಗೆ ಕುಡಿದರೆ ಸಂಜೆಗೆ ಚಳಿಜ್ವರ ಬರುತ್ತದೆ. ಮತ್ತೆ ಸಿಒ2, ಆರ್ಗಾನ್ ಎರಡೂ ಗಾಳಿಗಿಂತ ಭಾರ, ಕೆಳಗೆ ಕೂರುತ್ತವೆ. ಗುಂಡಿಯೊಳಗೆ ಇಳಿದು ಗಾಡಿ ಕೆಳಗೆ ಕೆಲಸ ಮಾಡೋದಾದರೆ ಗಾಳಿ ಆಡುವ ವ್ಯವಸ್ಥೆ ಇಲ್ಲದೆ ಇಳೀಬೇಡಿ. ನೀವು ಬಾಗಿಲು ಮುಚ್ಚಿ ಮಾಡ್ತೇನೆ ಅಂದಿರಿ, ಅದು ಪೂರ್ತಿ ಮುಚ್ಚೋದು ಬೇಡ. ಗಾಳಿ ನೇರ ವೆಲ್ಡ್ ಮೇಲೆ ಬೀಸದ ಹಾಗೆ ಒಂದು ಹಲಗೆ ಅಡ್ಡ ಇಟ್ಟು ಬಾಗಿಲು ತೆರೆದಿಡಿ.

ಹಳೆಗಾಡಿ:

ಬಾಗಿಲ ವಿಷಯ ನನಗೆ ಹೊಳೆದೇ ಇರಲಿಲ್ಲ, ಥ್ಯಾಂಕ್ಸ್. 0.6 ವೈರ್ ತಂದೆ, ಎರಡು ದಿನ ನಿಧಾನಕ್ಕೆ ಚುಕ್ಕೆ ಚುಕ್ಕೆ ಹಾಕಿ ಎಡಗಡೆ ಸಿಲ್ ಮುಗಿಸಿದೆ. ಒಂದು ಕಡೆ ಮಾತ್ರ ತೂತು ಬಂತು, ಅಲ್ಲಿ ಹಳೇ ಸೀಲರ್ ಉಳಿದಿತ್ತು, ಕೆರೆದು ಮತ್ತೆ ಹಾಕಿದ ಮೇಲೆ ಸರಿ ಆಯ್ತು. ಹೊರಗಡೆ ಪ್ರೈಮರ್ ಹೊಡೆದಿದ್ದೇನೆ. ಒಳಗಡೆ ಏನಾದರೂ ಮಾಡಬೇಕಾ?

ತಗಡುಕೆಲಸ:

ಮಾಡಲೇಬೇಕು. ವೆಲ್ಡ್ ಮಾಡಿದ ಹಿಂಭಾಗದಲ್ಲಿ ಇದ್ದಬದ್ದ ಪೇಂಟ್ ಎಲ್ಲ ಸುಟ್ಟು ಹೋಗಿರುತ್ತದೆ, ಹೊಸ ತುಕ್ಕು ಶುರುವಾಗೋದು ಅಲ್ಲಿಂದಲೇ. ಉದ್ದ ಕೊಳವೆ ಇರುವ ಕ್ಯಾವಿಟಿ ವ್ಯಾಕ್ಸ್ ಸ್ಪ್ರೇ ತಂದು ಸಿಲ್ ಒಳಗೆ ಪೂರ್ತಿ ಹೊಡೀರಿ. ಕೆಳಗಿನ ನೀರು ಇಳಿಯುವ ತೂತುಗಳಿಂದ ವ್ಯಾಕ್ಸ್ ತೊಟ್ಟಿಕ್ಕಿದರೆ ಎಲ್ಲ ಕಡೆ ತಲುಪಿದೆ ಅಂತ ತಿಳೀರಿ. ಆಮೇಲೆ ಒಂದು ತಂತಿ ಹಾಕಿ ಆ ತೂತುಗಳನ್ನು ಬಿಡಿಸಿ, ವ್ಯಾಕ್ಸ್ ಕಟ್ಟಿಕೊಂಡು ಮುಚ್ಚಿಹೋದರೆ ಒಳಗೆ ನೀರು ನಿಲ್ಲುತ್ತದೆ. ವ್ಯಾಕ್ಸ್ ಹತ್ತಿ ಉರಿಯುವ ಸಾಮಾನು. ಹೊಡೆದ ಮೇಲೆ ಆ ಕಡೆ ಇನ್ನು ವೆಲ್ಡಿಂಗ್ ಇಲ್ಲ, ಹಾಗಾಗಿ ಬಲಗಡೆ ಸಿಲ್ ಕೂಡ ಇದ್ದರೆ ಅದನ್ನೂ ಮುಗಿಸಿಕೊಂಡೇ ಎರಡಕ್ಕೂ ಒಟ್ಟಿಗೆ ಹೊಡೀರಿ.